ಹಳೇ ಕಾರುಗಳ ಮೇನ್ ಫ್ಯೂಸ್, ಬ್ಯಾಟರಿ ವೈರಿಂಗ್: ಗೊತ್ತಿದ್ದವರು ಹೇಳಿ

ಸಾಗರ_800

ಎಲ್ಲರಿಗೂ ನಮಸ್ಕಾರ. ನಮ್ಮದು 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಹಗಲು ಎಷ್ಟು ಓಡಿಸಿದರೂ ಏನೂ ತೊಂದರೆ ಇಲ್ಲ. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಹಾಕಿದರೆ ಕಷ್ಟ ಶುರು. ಗಾಡಿ ನಿಂತಲ್ಲೇ ಐಡಲ್‌ನಲ್ಲಿದ್ದರೆ ಲೈಟ್ ಪೂರ್ತಿ ಮಂಕು. ಆಕ್ಸಿಲರೇಟರ್ ಒತ್ತಿದರೆ ಜೋರು. ಎಂಜಿನ್ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ಏನೂ ಇಲ್ಲ, ಹಾರ್ನ್ ಕೂಡ ಬರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಎಲ್ಲ ಸರಿ.

ಬ್ಯಾಟರಿ ಹೊಸದು. ಮಲ್ಟಿಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 12.5 ವೋಲ್ಟ್, ಫ್ಯೂಸ್ ಬಾಕ್ಸ್‌ನಲ್ಲೂ 12.5 ವೋಲ್ಟ್. ಊರಿನ ಮೆಕ್ಯಾನಿಕ್ ಒಬ್ಬರು ಪೂರ್ತಿ ವೈರಿಂಗ್ ಬದಲಿಸಬೇಕು ಅಂದರು. ಇನ್ನೊಬ್ಬರು ಬ್ಯಾಟರಿ ಪ್ಲಸ್ ಹತ್ತಿರ ಇರುವ ತುಂಡು ವೈರ್ ತೋರಿಸಿ, ಅದನ್ನು ಕಿತ್ತು ನೇರವಾಗಿ ತಾಮ್ರದ ವೈರ್ ಸೇರಿಸಿದರೆ ಸಾಕು ಅಂದರು. ಆ ತುಂಡು ವೈರ್ ಏನು? ಕಿತ್ತರೆ ಏನಾಗುತ್ತದೆ?

ಹುಬ್ಬಳ್ಳಿ_ವೈರಿಂಗ್

ಸರ್, ಮೊದಲು ಒಂದು ಮಾತು. ಆ ಜಾಗಕ್ಕೆ ಸಾದಾ ತಾಮ್ರದ ವೈರ್ ಹಾಕಿಸಬೇಡಿ. ನಿಮ್ಮ ಇಡೀ ಗಾಡಿಯಲ್ಲಿ ಬೆಂಕಿ ತಡೆಯುವ ಭಾಗ ಅಂತ ಒಂದಿದ್ದರೆ ಅದು ಅದೇ.

ಅದರ ಹೆಸರು ಫ್ಯೂಸಿಬಲ್ ಲಿಂಕ್. ಅದೇ ಕೆಲಸಕ್ಕೆ ಕೆಲವು ಮಾಡೆಲ್‌ಗಳಲ್ಲಿ ಸಣ್ಣ ಡಬ್ಬಿಯಲ್ಲಿ ದಪ್ಪ ಮೇನ್ ಫ್ಯೂಸ್ ಇರುತ್ತದೆ. ಅದು ಯಾಕೆ ಬೇಕು ಅಂತ ಹೇಳುತ್ತೇನೆ.

ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್‌ಗಳು ತಮ್ಮಿಂದ ಮುಂದಕ್ಕೆ ಹೋಗುವ ವೈರ್‌ಗಳನ್ನು ಕಾಯುತ್ತವೆ. ಹಾರ್ನ್ ವೈರ್ ಬಾಡಿಗೆ ತಾಗಿದರೆ ಹಾರ್ನ್ ಫ್ಯೂಸ್ ಹೋಗುತ್ತದೆ, ಅಷ್ಟೇ. ಆದರೆ ಬ್ಯಾಟರಿಯಿಂದ ಫ್ಯೂಸ್ ಬಾಕ್ಸ್‌ವರೆಗೆ ಬರುವ ವೈರ್ ಇದೆಯಲ್ಲ, ಎಂಜಿನ್ ಪಕ್ಕ ಹಾದು, ತಗಡಿನ ತೂತಿನಲ್ಲಿ ತೂರಿ ಒಳಗೆ ಬರುವುದು, ಅದನ್ನು ಕಾಯುವವರು ಯಾರು? ಅದು ಎಲ್ಲಾದರೂ ಬಾಡಿಗೆ ತಾಗಿದರೆ ಒಳಗಿನ ಯಾವ ಫ್ಯೂಸೂ ಹೋಗುವುದಿಲ್ಲ. ಕರೆಂಟು ಅಲ್ಲಿವರೆಗೆ ಬರುವುದೇ ಇಲ್ಲ. ನಿಮ್ಮ ಗಾಡಿಯ ಚಿಕ್ಕ ಬ್ಯಾಟರಿ ಕೂಡ ನೇರ ಶಾರ್ಟ್ ಆದಾಗ ಕೆಲವು ನೂರು ಆಂಪ್ ಸುರಿಯುತ್ತದೆ. ಆ ವೈರ್ ತಡೆಯುವುದು 25, 30 ಆಂಪ್. ಕೆಲವೇ ಸೆಕೆಂಡಿನಲ್ಲಿ ಅದರ ಪ್ಲಾಸ್ಟಿಕ್ ಕರಗಿ, ಜೊತೆಗೆ ಟೇಪ್ ಸುತ್ತಿದ ಪಕ್ಕದ ವೈರ್‌ಗಳೂ ಹತ್ತಿಕೊಳ್ಳುತ್ತವೆ.

ಫ್ಯೂಸಿಬಲ್ ಲಿಂಕ್ ಅಂದರೆ ಮುಂದಿನ ವೈರ್‌ಗಿಂತ ಬೇಕಂತಲೇ ತೆಳ್ಳಗೆ ಮಾಡಿದ ತುಂಡು. ಗೇಜ್ ಲೆಕ್ಕದಲ್ಲಿ ನಾಲ್ಕು ನಂಬರ್ ತೆಳ್ಳಗೆ. ಮೇಲಿನ ಹೊದಿಕೆ ಬೆಂಕಿ ಹಿಡಿಯದ ಜಾತಿಯದು. ಕ್ಷಣಕಾಲ ಜಾಸ್ತಿ ಕರೆಂಟು ಹೋದರೆ ತಡೆದುಕೊಳ್ಳುತ್ತದೆ. ಶಾರ್ಟ್ ಮುಂದುವರಿದರೆ ಒಳಗಿನ ಲೋಹ ಕರಗಿ ತುಂಡಾಗುತ್ತದೆ, ಹೊದಿಕೆ ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ಹೋಗಿರಬಹುದು. ಬ್ಯಾಟರಿ ವೈರ್ ಕಳಚಿ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಉದ್ದ ಆದರೆ ಒಳಗಿನ ತಂತಿ ಇಲ್ಲ ಅಂತ ಲೆಕ್ಕ.

ಆದರೆ ನಿಮ್ಮದು ಪೂರ್ತಿ ಹೋಗಿಲ್ಲ. ಹೋಗಿದ್ದರೆ ಹಗಲೂ ಸ್ಟಾರ್ಟ್ ಆಗುತ್ತಿರಲಿಲ್ಲ. ಎಲ್ಲೋ ಒಂದು ಜಾಯಿಂಟ್ ಸುಟ್ಟಿದೆ ಅಥವಾ ಹಸಿರು ಹಿಡಿದಿದೆ ಅನಿಸುತ್ತದೆ. ನೀವು ಮೀಟರ್ ಇಟ್ಟಾಗ ಲೈಟ್ ಆಫ್ ಇತ್ತು ಅಲ್ವಾ? ಮಲ್ಟಿಮೀಟರ್ ತಾನು ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ಒಂದೇ ಒಂದು ಎಳೆ ಉಳಿದಿದ್ದರೂ ಅದು 12.5 ತೋರಿಸುತ್ತದೆ. ಲೋಡ್ ಹಾಕಿ ಅಳೆಯಿರಿ.

ಹೀಗೆ ಮಾಡಿ. ಎಂಜಿನ್ ಆಫ್, ಕೀ ಆನ್, ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಪೂರ್ತಿ. ಮೀಟರ್‌ನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟದ ಮೇಲೆ, ಕ್ಲ್ಯಾಂಪ್ ಮೇಲೆ ಅಲ್ಲ. ಕೆಂಪು ಕಡ್ಡಿಯನ್ನು ಮೊದಲು ಪ್ಲಸ್ ಗೂಟಕ್ಕೆ, ಆಮೇಲೆ ಕ್ಲ್ಯಾಂಪ್‌ಗೆ, ಆಮೇಲೆ ಲಿಂಕ್‌ನ ಈಚೆ ತುದಿಗೆ, ಆಚೆ ತುದಿಗೆ, ಕೊನೆಗೆ ಫ್ಯೂಸ್ ಬಾಕ್ಸ್‌ಗೆ. ಒಂದೊಂದೂ ಬರೆದುಕೊಳ್ಳಿ. ಯಾವ ಎರಡರ ನಡುವೆ ವೋಲ್ಟ್ ದಬಕ್ಕನೆ ಇಳಿಯುತ್ತದೋ ರೋಗ ಅಲ್ಲಿದೆ. ಒಂದು ಜಾಯಿಂಟ್‌ನಲ್ಲಿ 0.1 ವೋಲ್ಟ್‌ಗಿಂತ ಜಾಸ್ತಿ ಇಳಿಯಬಾರದು. ಎಲ್ಲ ಸೇರಿ ಅರ್ಧ ವೋಲ್ಟ್ ಒಳಗೆ ಇರಬೇಕು.

ದಾವಣಗೆರೆ_ಡಿಪ್ಲೊಮಾ

ಅಣ್ಣ, ಒಂದು ಡೌಟ್. ಬ್ಯಾಟರಿಯಿಂದ ಸೆಲ್ಫ್ ಮೋಟಾರ್‌ಗೆ ಹೋಗುವ ದಪ್ಪ ಕೇಬಲ್‌ಗೆ ಫ್ಯೂಸೇ ಇರುವುದಿಲ್ಲ. ಶಾರ್ಟ್ ಆದರೆ ಅದೇ ಎಲ್ಲಕ್ಕಿಂತ ಅಪಾಯ ಅಲ್ವಾ? ಅದನ್ನು ಯಾಕೆ ಬಿಟ್ಟಿದ್ದಾರೆ?

ಹುಬ್ಬಳ್ಳಿ_ವೈರಿಂಗ್

ಸರಿಯಾದ ಪ್ರಶ್ನೆ ತಮ್ಮಾ. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರ್ 100ರಿಂದ 150 ಆಂಪ್ ಎಳೆಯುತ್ತದೆ. ಅದು ತಿರುಗಲು ಶುರು ಮಾಡುವ ಆ ಮೊದಲ ಕ್ಷಣದಲ್ಲಿ ಇನ್ನೂ ಎಷ್ಟೋ ಜಾಸ್ತಿ. ನಿಂತಿರುವ ಮೋಟಾರ್ ಬರೀ ತಾಮ್ರದ ಸುರುಳಿ. ತಿರುಗಿದ ಮೇಲೆ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟು ಕಡಿಮೆ ಮಾಡಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಎಂಜಿನ್ ಆಯಿಲ್ ಗಟ್ಟಿ ಇದ್ದಾಗ ಇನ್ನೂ ಕಷ್ಟ. ಇದನ್ನೆಲ್ಲ ತಡೆಯುವಷ್ಟು ದೊಡ್ಡ ಫ್ಯೂಸ್ ಹಾಕಿದರೆ ಅದು ಶಾರ್ಟ್ ಆದಾಗಲೂ ಬೇಗ ಹೋಗುವುದಿಲ್ಲ.

ಅದಕ್ಕೇ ಆ ಕೇಬಲ್‌ಗೆ ಬೇರೆ ತರಹದ ಕಾವಲು. ಆದಷ್ಟು ಗಿಡ್ಡ, ದಪ್ಪ ಹೊದಿಕೆ, ಅಲುಗಾಡದಂತೆ ಪಟ್ಟಿ, ತುದಿಗಳಿಗೆ ರಬ್ಬರ್ ಟೋಪಿ. ಹಳೇ ಗಾಡಿಯಲ್ಲಿ ಮೊದಲು ಕಾಣೆಯಾಗುವುದು ಆ ಪಟ್ಟಿ ಮತ್ತು ಟೋಪಿಗಳೇ. ಕ್ಲಚ್ ಪ್ಲೇಟ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿ ಹತ್ತಿಸುವಾಗ ಪಟ್ಟಿ ಹಾಕುವುದು ಮರೆಯುತ್ತಾರೆ. ಆಮೇಲೆ ಕೇಬಲ್ ಸೈಲೆನ್ಸರ್ ಪೈಪಿನ ಮೇಲೆ ಒರಗಿಕೊಂಡು ವರ್ಷಗಟ್ಟಲೆ ಇರುತ್ತದೆ. ಯಾರ ಹತ್ತಿರ ಹಳೇ ಕಾರ್ ಇದೆಯೋ ಇವತ್ತೇ ಬಾನೆಟ್ ಎತ್ತಿ ಆ ಒಂದು ಕೇಬಲ್ ಪೂರ್ತಿ ಉದ್ದಕ್ಕೂ ನೋಡಿ. ಈಗಿನ ಕೆಲವು ಕಾರುಗಳಲ್ಲಿ ಅಪಘಾತ ಆದ ಕೂಡಲೇ ಸಣ್ಣ ಸಿಡಿಮದ್ದಿನಿಂದ ಈ ಕೇಬಲ್ಲನ್ನೇ ಬ್ಯಾಟರಿಯಿಂದ ಬೇರ್ಪಡಿಸುವ ವ್ಯವಸ್ಥೆ ಇದೆ. ನಮ್ಮ ಗಾಡಿಗಳಿಗೆ ಅದೆಲ್ಲ ಇಲ್ಲ.

ಸಾಗರ_800

ಅಳೆದೆ. ಲೋಡ್ ಹಾಕಿದಾಗ ಪ್ಲಸ್ ಗೂಟ 12.2, ಕ್ಲ್ಯಾಂಪ್ 12.2, ಲಿಂಕ್‌ನ ಈಚೆ ತುದಿ 12.1. ಆಚೆ ತುದಿ 8.1! ಫ್ಯೂಸ್ ಬಾಕ್ಸ್ 8.0. ಮುಟ್ಟಿದರೆ ಆ ಜಾಗ ಕೈ ಇಡಲಾರದಷ್ಟು ಬಿಸಿ. ಟೇಪ್ ಬಿಚ್ಚಿ ನೋಡಿದರೆ ವೈರ್ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ ಒಳಗೆ ಎಳೆಗಳೆಲ್ಲ ಹಸಿರು ಪುಡಿ. ಮೂರೋ ನಾಲ್ಕೋ ಎಳೆ ಮಾತ್ರ ಉಳಿದಿವೆ.

ಹುಬ್ಬಳ್ಳಿ_ವೈರಿಂಗ್

ಸಿಕ್ಕಿತು. ಲೆಕ್ಕ ಹಾಕಿ ನೋಡಿ: 4 ವೋಲ್ಟ್ ಅಲ್ಲೇ ಇಳಿಯುತ್ತಿದೆ, ಸುಮಾರು 12 ಆಂಪ್ ಹರಿಯುತ್ತಿದೆ. 48 ವಾಟ್ ಆ ಒಂದು ಲಗ್‌ನಲ್ಲೇ ಶಾಖವಾಗುತ್ತಿದೆ. ಒಂದು ಸೋಲ್ಡರಿಂಗ್ ಐರನ್ ಉರಿಸಿ ವೈರ್‌ಗಳ ನಡುವೆ ಸಿಕ್ಕಿಸಿದ ಹಾಗೆ. ತಣ್ಣಗಾದ ಮೇಲೆ ಎಳೆಗಳು ಮತ್ತೆ ತಾಗಿಕೊಳ್ಳುತ್ತವೆ, ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತಿತ್ತು.

ಐಡಲ್‌ನಲ್ಲಿ ಲೈಟ್ ಮಂಕಾಗುವುದಕ್ಕೂ ಇದೇ ಕಾರಣ. ನಿಮ್ಮ ಗಾಡಿಯಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ) ವೈರ್ ಲಿಂಕ್‌ನ ಆಚೆ ಬದಿಗೆ ಸೇರಿರಬೇಕು. ಎಂಜಿನ್ ಜೋರಾಗಿ ತಿರುಗುವಾಗ ಆಲ್ಟರ್ನೇಟರ್ ಒಂದೇ ಎಲ್ಲ ಲೋಡ್ ಹೊರುತ್ತದೆ. ಐಡಲ್‌ನಲ್ಲಿ ಅದಕ್ಕೆ ಆಗುವುದಿಲ್ಲ, ಬ್ಯಾಟರಿ ಕೈ ಜೋಡಿಸಬೇಕು, ಆದರೆ ಲಿಂಕ್ ಬಿಡುವುದಿಲ್ಲ. ಬ್ಯಾಟರಿ ಕೂಡ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಓಡುವಾಗ ಈ ಲಿಂಕ್ ಪೂರ್ತಿ ತುಂಡಾದರೆ ಇನ್ನೂ ಕೆಟ್ಟದ್ದು. ಬ್ಯಾಟರಿಯ ಆಸರೆ ಇಲ್ಲದೆ ಆಲ್ಟರ್ನೇಟರ್ ವೋಲ್ಟೇಜ್ ನೆಗೆದಾಡಿ ಬಲ್ಬ್, ರೆಗ್ಯುಲೇಟರ್ ಸುಡಬಹುದು.

ಪೂರ್ತಿ ವೈರಿಂಗ್ ಬದಲಿಸುವ ಅಗತ್ಯ ಇಲ್ಲ. ಲಿಂಕ್ ಬದಲಿಸಿ, ಹಸಿರು ಹಿಡಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ ಹೊಸ ಲಗ್ ಹಾಕಿ.

ಮಂಡ್ಯ_ಗ್ಯಾರೇಜ್_ಪಕ್ಕ

ಲಿಂಕ್ ಹುಡುಕುವುದು ಸುಮ್ನೆ ತಲೆನೋವು. ನಾನಾಗಿದ್ದರೆ 100 ಆಂಪ್ ಬೋಲ್ಟ್ ಫ್ಯೂಸ್ ಹಾಕಿ ಮುಗಿಸುತ್ತಿದ್ದೆ. ದೊಡ್ಡದು ಇದ್ದರೆ ಮತ್ತೆ ಮತ್ತೆ ಹೋಗುವ ಕಾಟ ಇಲ್ಲ.

ಹುಬ್ಬಳ್ಳಿ_ವೈರಿಂಗ್

ಬೋಲ್ಟ್ ಫ್ಯೂಸ್ ಹಾಕುವುದು ಒಪ್ಪುತ್ತೇನೆ, ಲಿಂಕ್‌ಗಿಂತ ಅನುಕೂಲ. ಹೋಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ದಾರಿಯಲ್ಲೇ ಬದಲಿಸಬಹುದು. 100 ಆಂಪ್ ಮಾತ್ರ ಒಪ್ಪುವುದಿಲ್ಲ.

ಫ್ಯೂಸ್ ನಂಬರ್ ನಿರ್ಧಾರ ಮಾಡುವುದು ಅದು ಕಾಯುವ ವೈರ್. ಅಂಗಡಿಯಲ್ಲಿ ಆಟೋ ವೈರ್ ಎಳೆ ಲೆಕ್ಕದಲ್ಲಿ ಸಿಗುತ್ತದೆ. 14/0.30 ಅಂದರೆ 0.30 ಮಿಲಿಮೀಟರ್‌ನ 14 ಎಳೆ, ಅದು ತಡೆಯುವುದು 8.75 ಆಂಪ್. 28/0.30ಕ್ಕೆ 17.5. 44/0.30ಕ್ಕೆ ಸುಮಾರು 27. 65/0.30ಕ್ಕೆ 35. 84/0.30ಕ್ಕೆ 42. ಬಿಗಿಯಾಗಿ ಕಟ್ಟಿದ ಕಂತೆಯ ಒಳಗೆ, ಎಂಜಿನ್ ಬಿಸಿಯಲ್ಲಿ ಇನ್ನೂ ಕಡಿಮೆ ಅಂತ ಇಟ್ಟುಕೊಳ್ಳಿ. 35 ಆಂಪ್ ವೈರ್‌ಗೆ 100 ಆಂಪ್ ಫ್ಯೂಸ್ ಹಾಕಿದರೆ 80 ಆಂಪ್ ಹರಿಯುವಾಗ ವೈರ್ ಕರಗುತ್ತದೆ, ಫ್ಯೂಸ್ ಹಾಯಾಗಿ ಕೂತಿರುತ್ತದೆ. ತೂತಿನ ಅಂಚಿಗೆ ಉಜ್ಜಿ ಅರೆಬರೆ ತಾಗುವ ಶಾರ್ಟ್ ಇರುತ್ತದಲ್ಲ, ಅದು ನೂರಾರು ಆಂಪ್ ಎಳೆಯುವುದಿಲ್ಲ, 50, 60 ಎಳೆಯುತ್ತದೆ. ಬೆಂಕಿ ಬೀಳುವುದು ಹೆಚ್ಚಾಗಿ ಅಂಥ ಶಾರ್ಟ್‌ನಿಂದ.

ಮಾರುತಿಗೆ ಕಂಪನಿ ಹಾಕಿದ ನಂಬರ್ ಏನಿತ್ತೋ ಅದೇ ಹಾಕಿ. ಫ್ಯೂಸ್ ಮೇಲೆ ಅಥವಾ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ತಪ್ಪಿದೆ, ಅದನ್ನು ಹುಡುಕಬೇಕು.

ಮಂಡ್ಯ_ಗ್ಯಾರೇಜ್_ಪಕ್ಕ

ಅರೆಬರೆ ಶಾರ್ಟ್ ಮಾತು ಸರಿ ಇದೆ. ಆದರೆ ಮೇನ್ ಫ್ಯೂಸ್ ಒಮ್ಮೆಲೇ ಹೋಗುವ ಕೇಸ್‌ಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದು ಒಂದೇ ಕಾರಣ: ಬ್ಯಾಟರಿ ಉಲ್ಟಾ ಜೋಡಿಸಿರುತ್ತಾರೆ, ಇಲ್ಲ ಜಂಪರ್ ಕೇಬಲ್ ಉಲ್ಟಾ ಹಾಕಿರುತ್ತಾರೆ. ಕೀ ಹಾಕದೇ ಇದ್ದರೂ ಠಪ್ ಅಂತ ಹೋಗುತ್ತದೆ.

ದಾವಣಗೆರೆ_ಡಿಪ್ಲೊಮಾ

ಹೌದು, ಇದು ನಮ್ಮ ಕ್ಲಾಸಿನಲ್ಲಿ ಬಂದಿತ್ತು. ಆಲ್ಟರ್ನೇಟರ್ ಒಳಗೆ ಡಯೋಡ್‌ಗಳಿವೆ. ಬ್ಯಾಟರಿ ಸರಿ ಇದ್ದಾಗ ಅವು ಕರೆಂಟು ವಾಪಸ್ ಬಿಡುವುದಿಲ್ಲ. ಉಲ್ಟಾ ಆದರೆ ಪ್ಲಸ್‌ನಿಂದ ಮೈನಸ್‌ಗೆ ನೇರ ದಾರಿ ತೆರೆದುಕೊಳ್ಳುತ್ತದೆ. ಮೇನ್ ಫ್ಯೂಸ್ ಹೋದರೆ ಡಯೋಡ್ ಉಳಿಯುವ ಸಾಧ್ಯತೆ ಇದೆ. ಫ್ಯೂಸ್ ಬದಲು ತಂತಿ ಇದ್ದರೆ ಆಲ್ಟರ್ನೇಟರ್ ಗ್ಯಾರಂಟಿ ಹೋಯಿತು.

ಕಾರ್ಕಳ_ಪದ್ಮಿನಿ

ನಮ್ಮದು ಪ್ರೀಮಿಯರ್ ಪದ್ಮಿನಿ, ಮಾವನವರ ಕಾಲದ್ದು. ಫ್ಯೂಸ್ ವಿಷಯದಲ್ಲಿ ಈ ಗಾಡಿಗೆ ಇರುವ ಕಾಟವೇ ಬೇರೆ. ಫಿಯಟ್ ಮೂಲದ ಗಾಡಿಯಾದ್ದರಿಂದ ಎರಡೂ ತುದಿ ಚೂಪಾದ ಪಿಂಗಾಣಿ ಫ್ಯೂಸ್. ಬಿಳಿಯದು 8 ಆಂಪ್, ಕೆಂಪು 16 ಆಂಪ್. ಲೋಹದ ಪಟ್ಟಿ ಹೊರಗೇ ಇರುತ್ತದೆ, ಗಾಳಿಗೆ ತೆರೆದ ಹಾಗೆ. ಕರಾವಳಿಯ ಉಪ್ಪು ಗಾಳಿಗೆ ಆ ಚೂಪು ತುದಿ ಮತ್ತು ಹಿತ್ತಾಳೆ ಕ್ಲಿಪ್ ನಡುವೆ ಮಸಿ ಕೂರುತ್ತದೆ. ಫ್ಯೂಸ್ ಹೋಗಿರುವುದೇ ಇಲ್ಲ, ಆದರೂ ಲೈಟ್ ಇಲ್ಲ.

ಮಳೆಗಾಲದ ಮುಂಚೆ ನಾನು ಒಂದೊಂದೇ ಫ್ಯೂಸ್ ಬೆರಳಿನಲ್ಲಿ ತಿರುಗಿಸುತ್ತೇನೆ. ತಿರುಗುವಾಗ ಬಿಗಿ ಅನಿಸಬೇಕು. ಸಡಿಲ ಇದ್ದರೆ ಕ್ಲಿಪ್ ಶಕ್ತಿ ಕಳೆದುಕೊಂಡಿದೆ ಅಂತ. ಸೂಕ್ಷ್ಮವಾದ ಮರಳು ಕಾಗದದಿಂದ ಉಜ್ಜಿ, ಕ್ಲಿಪ್ ಒಳಕ್ಕೆ ಬಾಗಿಸಿ ಕೂರಿಸುತ್ತೇನೆ. ಬ್ಯಾಟರಿ ಟರ್ಮಿನಲ್‌ಗೂ ಅಷ್ಟೇ: ಮೊದಲು ಸ್ವಚ್ಛ ಮಾಡಿ ಬಿಗಿ ಮಾಡುವುದು, ಆಮೇಲೆ ಮೇಲಿಂದ ವ್ಯಾಸಲಿನ್. ಕೆಲವರು ಮೊದಲೇ ವ್ಯಾಸಲಿನ್ ಬಳಿದು ಆಮೇಲೆ ಕ್ಲ್ಯಾಂಪ್ ಹಾಕುತ್ತಾರೆ, ಹಾಗೆ ಮಾಡಬೇಡಿ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಪ್ಲಸ್ ಬದಿಯನ್ನು ಎಷ್ಟು ನೋಡುತ್ತೀರೋ ಮೈನಸ್ ಬದಿಯನ್ನೂ ಅಷ್ಟೇ ನೋಡಿ. ಎಂಜಿನ್‌ನಿಂದ ಬಾಡಿಗೆ ಹೆಣೆದ ತಂತಿಯ ಪಟ್ಟಿ ಇರುತ್ತದೆ. ನಮ್ಮದರಲ್ಲಿ ಅದು ತುಂಡಾಗಿತ್ತು. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತಿತ್ತು. ಸೆಲ್ಫ್ ಮೋಟಾರ್‌ನ ಕರೆಂಟು ಬ್ಯಾಟರಿಗೆ ವಾಪಸ್ ಹೋಗಲು ಬೇರೆ ದಾರಿ ಇಲ್ಲದೆ ಆ ಕೇಬಲ್ ಮೂಲಕ ಹೋಗುತ್ತಿತ್ತು.

ಸಾಗರ_800

ಅಕ್ಕ, ಅರ್ಥ್ ಪಟ್ಟಿ ನಾನೂ ನೋಡುತ್ತೇನೆ. ಲಿಂಕ್ ಬದಲಾಯಿತು, ಹೊಸ ಲಗ್ ಹಾಕಿಸಿದೆ. ಈಗ ಅದೇ ಲೋಡ್‌ನಲ್ಲಿ ಫ್ಯೂಸ್ ಬಾಕ್ಸ್‌ನಲ್ಲಿ 11.9. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1. ಹುಬ್ಬಳ್ಳಿ ಸರ್‌ಗೆ ದೊಡ್ಡ ನಮಸ್ಕಾರ.

ನಮ್ಮ ಕಡೆ ಇಲಿ ಕಾಟವೂ ಇದೆ. ಅಡಿಕೆ ಗೋಣಿ ಇಡುವ ಶೆಡ್‌ನಲ್ಲೇ ಕಾರ್ ನಿಲ್ಲಿಸುತ್ತೇವೆ. ಇಲಿ ಕಡಿದ ವೈರ್‌ಗೆ ಟೇಪ್ ಸುತ್ತಿದರೆ ಸಾಕಾ?

ಹುಬ್ಬಳ್ಳಿ_ವೈರಿಂಗ್

ಹೊದಿಕೆ ಮಾತ್ರ ಹೋಗಿದ್ದರೆ ಸ್ವಚ್ಛ ಮಾಡಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಎಳೆ ತುಂಡಾಗಿದ್ದರೆ ಆ ತುಂಡನ್ನೇ ಬದಲಿಸಿ. ಸಾದಾ ಟೇಪ್ ಎಂಜಿನ್ ಬಿಸಿಗೆ ಅಂಟು ಬಿಡುತ್ತದೆ. ಬ್ಯಾಟರಿಯಿಂದ ಲಿಂಕ್‌ವರೆಗಿನ ತುಂಡನ್ನು ಇಲಿ ಕಡಿದಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ, ಅದಕ್ಕೆ ಯಾವ ಫ್ಯೂಸ್ ಕಾವಲೂ ಇಲ್ಲ.

ಅಂಬಾಸಿಡರ್_ಚಿತ್ರದುರ್ಗ

ಇಷ್ಟೆಲ್ಲ ಓದಿದ ಮೇಲೆ ನನಗೆ ನಿದ್ದೆ ಬರುವುದಿಲ್ಲ. ನನ್ನದು 1978ರ ಅಂಬಾಸಿಡರ್, ಆಲ್ಟರ್ನೇಟರ್ ಬದಲು ಹಳೇ ಕಾಲದ ಡೈನಮೋ ಇರುವ ಗಾಡಿ. ಎಷ್ಟು ಹುಡುಕಿದರೂ ಮೇನ್ ಫ್ಯೂಸ್ ಕಾಣಲಿಲ್ಲ. ಇಡೀ ಗಾಡಿಗೆ ಎರಡೇ ಗಾಜಿನ ಫ್ಯೂಸ್. ಎರಡರ ಮೇಲೂ 35 ಅಂತ ಇದೆ. ಹೆಡ್‌ಲೈಟ್‌ಗೆ ಯಾವ ಫ್ಯೂಸ್ ಅಂತ ಒಂದೊಂದೇ ತೆಗೆದು ನೋಡಿದೆ. ಎರಡೂ ತೆಗೆದರೂ ಹೆಡ್‌ಲೈಟ್ ಉರಿಯುತ್ತಿದೆ!

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಸರ್, ನಿಮ್ಮ ಗಾಡಿ ಕೆಟ್ಟಿಲ್ಲ, ಅದು ಹುಟ್ಟಿದ್ದೇ ಹಾಗೆ. ನನ್ನ ಹತ್ತಿರ 1964ರ ಮಾರಿಸ್ ಮೈನರ್ ಇದೆ. ನಿಮ್ಮ ಅಂಬಾಸಿಡರ್ ಬಂದಿದ್ದು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ, ಎರಡೂ ಒಂದೇ ಮನೆತನ, ಎರಡಕ್ಕೂ ಲೂಕಾಸ್ ಪದ್ಧತಿಯ ವೈರಿಂಗ್. ಲೂಕಾಸ್ ಕಂಪನಿಯ ಊರು ನಾನಿರುವ ಈ ಬರ್ಮಿಂಗ್‌ಹ್ಯಾಮ್. ಇಲ್ಲಿನ ಹಳೇ ಕಾರಿನವರು ಈ ಬಣ್ಣಗಳನ್ನು ಬಾಯಿಪಾಠ ಹೇಳುತ್ತಾರೆ.

ಕಂದು ವೈರ್ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ. ನೇರಳೆ ಅಂದರೆ ಫ್ಯೂಸ್ ದಾಟಿದ, ಯಾವಾಗಲೂ ಕರೆಂಟು ಇರುವ ವೈರ್, ಹಾರ್ನ್ ಅದರಲ್ಲಿ. ಬಿಳಿ ಇಗ್ನಿಷನ್, ಅದಕ್ಕೂ ಫ್ಯೂಸ್ ಇಲ್ಲ. ಹಸಿರು ಅಂದರೆ ಕೀ ಹಾಕಿದ ಮೇಲೆ ಫ್ಯೂಸ್ ಮೂಲಕ ಬರುವುದು: ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್. ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್, ಕಪ್ಪು ಅರ್ಥ್. ಹೆಡ್‌ಲೈಟ್ ಸ್ವಿಚ್‌ಗೆ ಕಂದು ವೈರ್ ನೇರ ಹೋಗುತ್ತದೆ. ಹಾಗಾಗಿ ಎರಡೂ ಫ್ಯೂಸ್ ತೆಗೆದರೂ ಲೈಟ್ ಉರಿಯುತ್ತದೆ, ಎಂಜಿನ್ ಕೂಡ ಓಡುತ್ತದೆ. ರಾತ್ರಿ ಓಡುವಾಗ ಒಂದು ಫ್ಯೂಸ್ ಹೋಗಿ ಕಣ್ಣು ಕಟ್ಟಬಾರದು ಅನ್ನುವುದು ಆಗಿನ ಯೋಚನೆ. ಹೊಸ ವೈರಿಂಗ್ ಇದ್ದಾಗ ಅದು ನಡೆಯಿತು. ಐವತ್ತು ವರ್ಷ ಹಳೆಯ ಹೊದಿಕೆಯ ಮೇಲೆ ನನಗೆ ಆ ನಂಬಿಕೆ ಇಲ್ಲ.

ಆ 35ರ ಬಗ್ಗೆ ಹುಷಾರು. ಹಳೇ ಬ್ರಿಟಿಷ್ ಗಾಜಿನ ಫ್ಯೂಸ್ ಮೇಲೆ 35 ಅಂದರೆ 35 ಆಂಪ್‌ಗೆ ತಕ್ಷಣ ಸುಡುತ್ತದೆ ಅಂತ. ನಿರಂತರವಾಗಿ ತಡೆಯುವುದು ಅದರ ಅರ್ಧ, ಸುಮಾರು 17. ಈಗ ಅಂಗಡಿಯಲ್ಲಿ ಸಿಗುವ ಬೇರೆ ಪದ್ಧತಿಯ ಗಾಜಿನ ಫ್ಯೂಸ್ ಮೇಲೆ 35 ಅಂದರೆ 35 ಆಂಪ್ ನಿರಂತರ ಹೊರುತ್ತದೆ. ಅದನ್ನು ತಂದು ಹಾಕಿದರೆ ಕಾವಲು ಅರ್ಧಕ್ಕೆ ಇಳಿಯಿತು. ನಿಮಗೆ ಆ ಜಾತಿಯದ್ದೇ ಸಿಕ್ಕರೆ 15 ಅಥವಾ 20 ಹಾಕಿ.

ನನ್ನ ಮೈನರ್‌ನಲ್ಲಿ ಪ್ಲಸ್ ಬಾಡಿಗೆ ಹೋಗಿದೆ, ಆ ಕಾಲದ ಬ್ರಿಟಿಷ್ ಗಾಡಿಗಳ ರೂಢಿ ಅದು. ಅಂಥ ಗಾಡಿಗೆ ಮೇನ್ ಫ್ಯೂಸ್ ಹಾಕುವುದಾದರೆ ಮೈನಸ್ ಬದಿಗೆ ಹಾಕಬೇಕು. ಬ್ಯಾಟರಿಯ ಯಾವ ಗೂಟ ಬಾಡಿಗೆ ಹೋಗಿದೆ ಅಂತ ಮೊದಲು ಕಣ್ಣಾರೆ ನೋಡಿ.

ಅಂಬಾಸಿಡರ್_ಚಿತ್ರದುರ್ಗ

ನೋಡಿದೆ, ನನ್ನದರಲ್ಲಿ ಮೈನಸ್ ಬಾಡಿಗೆ ಇದೆ. ಹಾಗಾದರೆ ಮೇನ್ ಫ್ಯೂಸ್ ಒಂದು ಹಾಕಿಸಲಾ? ಎಲ್ಲಿ, ಎಷ್ಟು ಆಂಪ್?

ಕಾರ್ಕಳ_ಪದ್ಮಿನಿ

ಹಾಕಿಸುವ ಮುಂಚೆ ಯೋಚನೆ ಮಾಡಿ. ಒಂದೇ ಫ್ಯೂಸ್ ಮೇಲೆ ಇಗ್ನಿಷನ್, ಹೆಡ್‌ಲೈಟ್ ಎರಡೂ ನಿಂತರೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ರಾತ್ರಿ ಅದು ಹೋದರೆ ಏನು ಗತಿ? ಆ ಕಾಲದ ಎಂಜಿನಿಯರ್‌ಗಳ ಯೋಚನೆ ಪೂರ್ತಿ ತಪ್ಪಲ್ಲ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ಮೇಡಂ ಹೇಳುವುದರಲ್ಲಿ ಸತ್ಯ ಇದೆ. ಇಲ್ಲೂ ಈ ಜಗಳ ಮುಗಿದಿಲ್ಲ. ನನ್ನ ತೀರ್ಮಾನ ಹೀಗೆ: ಕಂದು ವೈರ್ ಶಾರ್ಟ್ ಆದರೆ ಫ್ಯೂಸ್ ಇಲ್ಲದಿದ್ದರೂ ಲೈಟ್ ಹೋಗಿಯೇ ಹೋಗುತ್ತದೆ, ಜೊತೆಗೆ ಬೆಂಕಿ. ಫ್ಯೂಸ್ ಇದ್ದರೆ ಲೈಟ್ ಮಾತ್ರ ಹೋಗುತ್ತದೆ. ಆದರೆ ಫ್ಯೂಸ್ ಸುಮ್ಮಸುಮ್ಮನೆ ಹೋಗದಂತೆ ನೋಡಿಕೊಳ್ಳಬೇಕು. ಅದಕ್ಕೆ ನಿಧಾನವಾಗಿ ಸುಡುವ ಜಾತಿಯ ಫ್ಯೂಸ್ ಬೇಕು, ಮತ್ತು ಹೆಡ್‌ಲೈಟ್‌ಗೆ ಬೇರೆ ದಾರಿ ಬೇಕು.

ಹುಬ್ಬಳ್ಳಿ_ವೈರಿಂಗ್

ಇಬ್ಬರ ಮಾತೂ ಸೇರಿಸಿ ನಾನು ಮಾಡಿಕೊಡುವ ಕ್ರಮ ಹೇಳುತ್ತೇನೆ.

ಸೆಲ್ಫ್ ಸೊಲೆನಾಯ್ಡ್‌ನ (ಸೆಲ್ಫ್ ಮೋಟಾರ್‌ಗೆ ಕರೆಂಟು ಬಿಡುವ ದೊಡ್ಡ ಸ್ವಿಚ್) ಬ್ಯಾಟರಿ ಬೋಲ್ಟ್‌ನಿಂದ ಕಂದು ವೈರ್ ಹೊರಡುತ್ತದೆ. ಬೋಲ್ಟ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಕೂರಿಸಿ. ದೂರ ಹಾಕಿದರೆ ಫ್ಯೂಸ್‌ವರೆಗಿನ ತುಂಡಿಗೆ ಕಾವಲು ಇಲ್ಲ. ಹಳೇ ಕಂದು ವೈರ್ ಹೆಚ್ಚಾಗಿ 44 ಎಳೆಯದು. ಅದನ್ನು ಡೈನಮೋ ಕರೆಂಟು ನಿಯಂತ್ರಿಸುವ ಕಟೌಟ್ ಡಬ್ಬಿಯವರೆಗೆ 84/0.30 ಹಾಕಿ ಬದಲಿಸಿ, 40 ಆಂಪ್ ದೊಡ್ಡ ಬ್ಲೇಡ್ ಫ್ಯೂಸ್ ಹಾಕಿ. ವೈರ್ ಬದಲಿಸದಿದ್ದರೆ 25 ಆಂಪ್ ಮೀರಬೇಡಿ.

ಹೆಡ್‌ಲೈಟ್‌ಗೆ ಅದೇ ಬೋಲ್ಟ್‌ನಿಂದ ಬೇರೆ 44/0.30 ವೈರ್, ಅದಕ್ಕೆ 25 ಆಂಪ್ ಫ್ಯೂಸ್, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್-ಆಫ್ ಮಾಡುವ ಸ್ವಿಚ್), ಒಂದು ಹೈಗೆ ಒಂದು ಡಿಪ್‌ಗೆ. ರಿಲೇ ಆದ ಮೇಲೆ ಎಡ ಬಲ್ಬ್‌ಗೆ ಒಂದು 10 ಆಂಪ್, ಬಲ ಬಲ್ಬ್‌ಗೆ ಒಂದು 10 ಆಂಪ್. ಒಂದು ಬಲ್ಬ್ ವೈರ್ ಶಾರ್ಟ್ ಆದರೂ ಇನ್ನೊಂದು ಉರಿಯುತ್ತದೆ. ಮೇಡಂ ಕೇಳಿದ ಘಾಟಿಯ ಪ್ರಶ್ನೆಗೆ ಇದು ಉತ್ತರ.

ಇದರಿಂದ ಬೆಳಕೂ ಜಾಸ್ತಿ. ಹಳೇ ದಾರಿಯಲ್ಲಿ ಕರೆಂಟು ಡ್ಯಾಶ್‌ಬೋರ್ಡ್ ಸ್ವಿಚ್‌ಗೆ ಹೋಗಿ, ಕಾಲಿನ ಡಿಪ್ ಸ್ವಿಚ್‌ಗೆ ಇಳಿದು, ಮತ್ತೆ ಮುಂದಕ್ಕೆ ಬರಬೇಕು. 60 ವಾಟ್‌ನ ಎರಡು ಬಲ್ಬ್ ಅಂದರೆ 10 ಆಂಪ್. 2 ಚದರ ಮಿಲಿಮೀಟರ್ ವೈರ್ 5 ಮೀಟರ್ ಇದ್ದರೆ ವೈರ್‌ನಲ್ಲೇ 0.43 ವೋಲ್ಟ್ ಹೋಯಿತು. ಸವೆದ ಸ್ವಿಚ್‌ಗಳಲ್ಲಿ ಇನ್ನಷ್ಟು. ವೋಲ್ಟ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೊಜೆನ್ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ಬೆಳಕು ಸಾಲದು ಅಂತ ಜನ 100 ವಾಟ್ ಬಲ್ಬ್ ಹಾಕುತ್ತಾರೆ. ಆಗ ಸುಮಾರು 17 ಆಂಪ್ ಅದೇ ಹಳೇ ಸ್ವಿಚ್ ಮೂಲಕ. ಸ್ವಿಚ್ ಕರಗುತ್ತದೆ.

ಮಂಡ್ಯ_ಗ್ಯಾರೇಜ್_ಪಕ್ಕ

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸುವವರಿಗೂ ಒಂದು ಮಾತು ಹೇಳಿ. ನಮ್ಮ ಕಡೆ ತುಂಬಾ ಜನ ಮಾಡಿಸುತ್ತಾರೆ.

ಹುಬ್ಬಳ್ಳಿ_ವೈರಿಂಗ್

ಆ ಕಾಲದ ಲೂಕಾಸ್ ಡೈನಮೋ ಕೊಡುತ್ತಿದ್ದದ್ದು 22 ಆಂಪ್. ಹಳೇ ವೈರಿಂಗ್ ಅದಕ್ಕೇ ತಕ್ಕದ್ದು. ಈಗ ಹಾಕಿಸುವ ಆಲ್ಟರ್ನೇಟರ್ 45, 55 ಆಂಪ್‌ನದು. ಬ್ಯಾಟರಿ ಇಳಿದಿದ್ದ ದಿನ ಜಂಪ್ ಸ್ಟಾರ್ಟ್ ಮಾಡಿ ಹೊರಟರೆ ಅದು ತನ್ನ ಪೂರ್ತಿ ಶಕ್ತಿ ಬ್ಯಾಟರಿಗೆ ತುಂಬಲು ನೋಡುತ್ತದೆ. ಆ ಕರೆಂಟು ಹಳೇ ಕಂದು ವೈರ್‌ನಲ್ಲಿ ಹೋಗಬಾರದು. ಆಂಪ್ ಮೀಟರ್ ಇರುವ ಹಳೇ ಜೀಪ್‌ಗಳಲ್ಲಿ ಇನ್ನೂ ಅಪಾಯ. ಸೆಲ್ಫ್ ಬಿಟ್ಟು ಬಾಕಿ ಎಲ್ಲ ಕರೆಂಟು ಮೀಟರ್ ಹಿಂದಿನ ಎರಡು ಪುಟ್ಟ ನಟ್‌ಗಳ ಮೂಲಕ ಹಾದುಹೋಗುತ್ತದೆ.

ಆಲ್ಟರ್ನೇಟರ್‌ನಿಂದ ಸೊಲೆನಾಯ್ಡ್ ಬೋಲ್ಟ್‌ಗೆ ನೇರ 10 ಚದರ ಮಿಲಿಮೀಟರ್ ವೈರ್ ಹಾಕಿಸಿ. 60 ಆಂಪ್ ಬೋಲ್ಟ್ ಫ್ಯೂಸ್, ಅದು ಬ್ಯಾಟರಿ ತುದಿಯಲ್ಲಿ ಇರಲಿ, ಆಲ್ಟರ್ನೇಟರ್ ತುದಿಯಲ್ಲಿ ಅಲ್ಲ. ಶಾರ್ಟ್ ಆದಾಗ ನೂರಾರು ಆಂಪ್ ಬರುವುದು ಬ್ಯಾಟರಿ ಕಡೆಯಿಂದ.

ದಾವಣಗೆರೆ_ಡಿಪ್ಲೊಮಾ

ಕಟ್-ಆಫ್ ಸ್ವಿಚ್ ಹಾಕಿಸಿದರೆ ಹೇಗೆ? ಗಾಡಿ ನಿಲ್ಲಿಸಿದಾಗ ತಿರುಗಿಸಿಬಿಟ್ಟರೆ ಬ್ಯಾಟರಿಯೇ ಬೇರೆ.

ಕಾರ್ಕಳ_ಪದ್ಮಿನಿ

ನಾನು ಹಾಕಿಸಿದ್ದೇನೆ, ತುಂಬಾ ಸಮಾಧಾನ. ವಾರಗಟ್ಟಲೆ ನಿಲ್ಲುವ ಗಾಡಿಗೆ ಇದು ಬೇಕೇ ಬೇಕು. ಬಾಡಿಗೆ ಹೋಗುವ ಕೇಬಲ್‌ನಲ್ಲಿ ಹಾಕಿಸಿ, ಸೆಲ್ಫ್ ಕರೆಂಟು ತಡೆಯುವ ಲಾರಿ ಸ್ವಿಚ್ ತೆಗೆದುಕೊಳ್ಳಿ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ ಯಾವತ್ತೂ ತಿರುಗಿಸಬೇಡಿ. ಮೇಲೆ ಹುಬ್ಬಳ್ಳಿಯವರು ವೋಲ್ಟೇಜ್ ನೆಗೆತ ಹೇಳಿದರಲ್ಲ, ಅದೇ ಆಗುತ್ತದೆ. ಓಡುವಾಗ ಶಾರ್ಟ್ ಆದರೆ ಕಾಪಾಡುವುದು ಫ್ಯೂಸ್ ಮಾತ್ರ.

ಅಂಬಾಸಿಡರ್_ಚಿತ್ರದುರ್ಗ

ನಿರ್ಧಾರ ಮಾಡಿದೆ. ಭಾನುವಾರ ಕೆಲಸ ಶುರು. ವೈರ್, ರಿಲೇ, ಹೋಲ್ಡರ್ ಎಲ್ಲ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ತರಿಸುತ್ತಿದ್ದೇನೆ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ ಅಲ್ವಾ?

ಹುಬ್ಬಳ್ಳಿ_ವೈರಿಂಗ್

ಹೌದು ಸರ್. ಮೈನಸ್ ಕಳಚಿದ ಮೇಲೆ ಪ್ಲಸ್ ನಟ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಬರುವುದಿಲ್ಲ. ಕೈಯ ಉಂಗುರ, ವಾಚ್ ತೆಗೆದಿಡಿ. ಬ್ಯಾಟರಿ ಈಗಷ್ಟೇ ಚಾರ್ಜ್ ಆಗಿದ್ದರೆ ಹೈಡ್ರೋಜನ್ ಗ್ಯಾಸ್ ಇರುತ್ತದೆ, ಸ್ವಲ್ಪ ಗಾಳಿಯಾಡಲು ಬಿಡಿ. ತಗಡಿನ ತೂತಿಗೆ ರಬ್ಬರ್ ಬುಷ್ ಇಲ್ಲದೆ ವೈರ್ ತೂರಿಸಬೇಡಿ. ಹೋಲ್ಡರನ್ನು ಪೆಟ್ರೋಲ್ ಪಂಪ್, ಕಾರ್ಬ್ಯುರೇಟರ್ ಹತ್ತಿರ ಕೂರಿಸಬೇಡಿ.

ಫ್ಯೂಸ್ ತರಿಸುವಾಗ ಒಳ್ಳೆ ಕಂಪನಿಯದ್ದೇ ಕೇಳಿ. ಅಗ್ಗದ ಪ್ಯಾಕೆಟ್‌ಗಳಲ್ಲಿ ಬರೆದ ನಂಬರ್‌ಗೆ ಸುಡದ ಫ್ಯೂಸ್‌ಗಳು ಬರುತ್ತವೆ. ಪರೀಕ್ಷೆ ಸುಲಭ. ಅದೇ ಕಂಪನಿಯ 5 ಆಂಪ್ ಬ್ಲೇಡ್ ಫ್ಯೂಸ್ ಒಂದು ತೆಗೆದುಕೊಳ್ಳಿ. 60 ವಾಟ್‌ನ ಎರಡು ಬಲ್ಬ್ ಸಮಾನಾಂತರ ಜೋಡಿಸಿ, ಆ ಫ್ಯೂಸ್ ಮೂಲಕ ಬ್ಯಾಟರಿಗೆ ಕೊಡಿ. 10 ಆಂಪ್, ಅಂದರೆ ಎರಡು ಪಟ್ಟು. ಸರಿಯಾದ ಬ್ಲೇಡ್ ಫ್ಯೂಸ್ 5 ಸೆಕೆಂಡಿನೊಳಗೆ ಹೋಗಬೇಕು. ಬಲ್ಬ್ ಉರಿಯುತ್ತಲೇ ಇದ್ದರೆ ಆ ಕಂಪನಿಯ ಎಲ್ಲ ಪ್ಯಾಕೆಟ್‌ಗಳನ್ನೂ ಅಂಗಡಿಗೆ ವಾಪಸ್ ಕೊಡಿ.